ಯಾರದೋ ಎಡಗೈ

ನನ್ನ ಬಾಯಿ ಮೊದಲಿನಿಂದಲೂ ಜೋರು. ಚನ್ನರಾಯಪಟ್ಟಣದ ಕಡೆಯ ತವರಿನಿಂದ ಹೊಳೆನರಸೀಪುರಕ್ಕೆ ಮದುವೆಯಾಗಿ ಬಂದ ವರ್ಷವೇ ಅತ್ತೆ, "ಈ ಹುಡ್ಗಿ ನಾಲ್ಗೆಗೊಂದು ಮೂಗ್ದಾರ ಹಾಕ್ಬೇಕು ಕಣಪ್ಪ" ಎಂದು ಮಗನಿಗೆ ಹೇಳಿದ್ದರು. ಯಜಮಾನರು ನಕ್ಕುಬಿಟ್ಟಿದ್ದರು. ನಾನು ಎಷ್ಟು ಬೈದರೂ ನಗುವ ಜನ ಅವರು. ಪೇಟೆಬೀದಿಯಲ್ಲಿ ಅವರದು ಬೆಲ್ಲ, ಮೆಣಸಿನಕಾಯಿ ಅಂಗಡಿ.

ಯುದ್ಧ ನಡೆಯುತ್ತಿದ್ದ ಕಾಲ. ಅರಕಲಗೂಡು ಸಂತೆಯಿಂದ ಮೂಟೆ ಹೇರಿಕೊಂಡು ಬರುವಾಗ ಗಾಡಿಯ ಗಾಲಿ ಕಳಚಿತು. ಮೇಲೆ ಕೂತಿದ್ದ ಅವರು ಉರುಳಿಬಿದ್ದು, ತಲೆಯ ಬಲಭಾಗ ಮೈಲಿಗಲ್ಲಿಗೆ ಬಡಿಯಿತು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಅಂಥದೊಂದು ಬಸ್ಸಿನ ಸೀಟಿನ ಮೇಲೆ ಮಲಗಿಸಿ ಹಾಸನಕ್ಕೆ ಹೊರಟೆವು. ಏರು ಬಂದಲ್ಲೆಲ್ಲ ಬಸ್ಸು ನಿಲ್ಲುವುದು, ಡ್ರೈವರು ಇಳಿದು ಇದ್ದಿಲು ಕೆದಕುವುದು. ನಾನೂ ಅವನ ಹಿಂದೆಯೇ ಇಳಿದು ಬಾಯಿಗೆ ಬಂದದ್ದು ಬೈದೆ. ಪಾಪ, ಅವನು ಏನು ಮಾಡಿಯಾನು.

ಆಸ್ಪತ್ರೆಯಲ್ಲಿ ಮೂರು ವಾರ ಇದ್ದೆವು. ಅರೆಬರೆ ಎಚ್ಚರದಲ್ಲಿದ್ದವರಿಗೆ ಚಮಚದಲ್ಲಿ ಹಾಲು ಕುಡಿಸಿ ಉಳಿಸಿಕೊಂಡೆವು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ಕಳಿಸಿಕೊಡುವಾಗ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: "ನೋಡಮ್ಮ, ಜೀವ ಅಂತೂ ಉಳಿದಿದೆ. ಇನ್ನು ಮೇಲೆ ಔಷಧಿ ಅಂದ್ರೆ ಆಹಾರವೇ. ಎರಡು ದಿನ ಹೊಟ್ಟೆಗೆ ಏನೂ ಹೋಗಲಿಲ್ಲ ಅಂದ್ರೆ ತಿರುಗಿ ಇಲ್ಲಿಗೆ ಕರ್ಕೊಂಡು ಬರೋ ತೊಂದರೆ ತಗೋಬೇಡಿ." ಅಷ್ಟು ನೇರವಾಗಿ ಹೇಳಿದ್ದಕ್ಕೆ ಅವರ ಮೇಲೂ ಸಿಟ್ಟು ಬಂತು.

ನಮ್ಮವರಲ್ಲಿ ಲಿಂಗಪೂಜೆ ಆಗದೆ ಬಾಯಿಗೆ ಏನನ್ನೂ ಹಾಕುವುದಿಲ್ಲ. ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು, ಎಡ ಅಂಗೈ ಮೇಲೆ ಇಟ್ಟುಕೊಂಡು, ನೀರೆರೆದು, ವಿಭೂತಿ ಧರಿಸಿ, ಪತ್ರೆ ಏರಿಸಿ, ಆ ನೀರನ್ನು ಪಾದೋದಕವೆಂದು ತೆಗೆದುಕೊಂಡ ಮೇಲೆಯೇ ಊಟ. ಗಂಡಸರಿಗೂ ಅಷ್ಟೇ, ಹೆಂಗಸರಿಗೂ ಅಷ್ಟೇ. ಲಿಂಗ ಕೈಜಾರಿ ಬಿದ್ದರೆ ಅನ್ನನೀರು ಬಿಟ್ಟು ಪ್ರಾಣ ಕಳೆದುಕೊಂಡವರ ಮಾತನ್ನು ಹಿರಿಯರು ಹೇಳುತ್ತಿದ್ದರು. ಅದನ್ನು ಇನ್ನೊಬ್ಬರ ಕೈಗೆ ಕೊಡುವ ಮಾತಂತೂ ಇಲ್ಲವೇ ಇಲ್ಲ.

ಆಸ್ಪತ್ರೆಯಲ್ಲಿ ಪೂರ್ತಿ ಎಚ್ಚರವಿಲ್ಲದವರ ಕಣ್ಣಿಗೆ ಕರಡಿಗೆ ಒತ್ತಿ ಅಷ್ಟಕ್ಕೇ ಮುಗಿಸುತ್ತಿದ್ದೆವು. ಮನೆಗೆ ಬಂದ ಮಾರನೆಯ ಬೆಳಗ್ಗೆ ಮಾತ್ರ ಅವರಿಗೆ ಬುದ್ಧಿ ತಿಳಿಯಾಗಿತ್ತು. "ಪೂಜೆಗೆ ಅಣಿ ಮಾಡೇ" ಎಂದರು. ಮೈ ಒರೆಸಿ, ಗೋಡೆಗೆ ಒರಗಿಸಿ ಕೂರಿಸಿ, ಮಡಿಸಿಕೊಂಡಿದ್ದ ಎಡಗೈಯನ್ನು ಬಿಡಿಸಿ ತೊಡೆಯ ಮೇಲೆ ಇಟ್ಟೆ. ಅವರು ಅದನ್ನು ನೋಡಿದರು.

"ಇದ್ಯಾರ್ ಕೈ?"

"ನಿಮ್ದೇ. ಇನ್ಯಾರ್ದು?"

"ನಂದಲ್ಲ. ಹಾಸ್ಗೆ ಒಳಕ್ಕೆ ಯಾರ್ದೋ ಕೈ ತಂದಿಟ್ಟವ್ರೆ. ಯಾರ್ದೋ ಕೈ ಮ್ಯಾಲೆ ನನ್ ಲಿಂಗ ಇಕ್ಬೇಡ."

ತಮಾಷೆ ಅಂದುಕೊಂಡೆ. ಅಲ್ಲ. ಆ ಕೈಯನ್ನು ಬಲಗೈಯಿಂದ ದೂಡಿ ಮುಖ ತಿರುಗಿಸಿದರು. ಗಂಜಿ ತಂದರೆ, "ಪೂಜೆ ಆಗದೆ ಉಣ್ತೀನಾ?" ಎಂದರು. ಮಧ್ಯಾಹ್ನ ಕೇಳಿದರೂ ಅದೇ, ಸಂಜೆಯೂ ಅದೇ. ಬೇರೆಲ್ಲ ಮಾತಿನಲ್ಲೂ ಸರಿಯಾಗಿದ್ದರು, ಅಂಗಡಿ ಬಾಗಿಲು ಯಾರು ತೆಗೆದರು ಎಂದೂ ಕೇಳಿದರು. ಆ ಕೈ ಒಂದರ ಮಾತು ಬಂದರೆ ಮಾತ್ರ ಕಲ್ಲು.

ಅತ್ತೆ ಬೇರೆ ಬಾಗಿಲಲ್ಲಿ ನಿಂತು, "ಅವ್ನು ಯೇಳಾದ್ರಲ್ಲೂ ತಪ್ಪಿಲ್ಲ ಕಣವ್ವ, ಬ್ಯಾರೇರ್ ಅಂಗೈಗೆ ಲಿಂಗ ಕೊಡ್ತಾರಾ?" ಎಂದರು.

"ಬೇರೇರ ಕೈ ಎಲ್ಲಿಂದ ಬಂತು ಅತ್ತೆ? ನಿಮ್ಮ ಮಗನ ಭುಜಕ್ಕೇ ಅಂಟ್ಕೊಂಡದಲ್ಲ" ಎಂದು ರೇಗಿದೆ. ಅವರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನನಗೆ ನಾಚಿಕೆಯಾಯಿತು, ಆದರೂ ತಪ್ಪಾಯಿತು ಅನ್ನಲಿಲ್ಲ.

ಎರಡನೆಯ ದಿನ ಯಜಮಾನರ ತುಟಿ ಒಡೆದು, ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಡಾಕ್ಟರ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಆಗ ನಾನು ಮಾಡಬಾರದ ಕೆಲಸ ಮಾಡಿದೆ. ಬಟ್ಟಲಿಗೆ ಎಳನೀರು ಬಿಟ್ಟು, "ನೀವು ಕಣ್ಮುಚ್ಚಿದ್ದಾಗ ಪೂಜೆ ಮಾಡಿಸಿದ್ದೀನಿ, ಪಾದೋದಕ ತಗೊಳ್ಳಿ" ಎಂದು ಬಾಯಿಗೆ ಹಿಡಿದೆ. ಒಂದು ಗುಟುಕು ಕುಡಿದರು. ನನ್ನನ್ನೇ ದಿಟ್ಟಿಸಿ ನೋಡಿದರು. ಉಗಿದರು.

"ಇದನ್ನ ಪಾದೋದಕ ಅಂತ ಸುಳ್ಳು ಯೇಳ್ದ್ಯಾ ನೀನು?"

ಅದುವರೆಗೆ ತುಟಿಯನ್ನಾದರೂ ಒದ್ದೆ ಮಾಡಲು ಬಿಡುತ್ತಿದ್ದವರು, ಆಮೇಲೆ ನನ್ನ ಕೈಯಿಂದ ಬರೀ ನೀರನ್ನೂ ಮುಟ್ಟಲಿಲ್ಲ. ಅತ್ತೆ ಕೊಟ್ಟರೂ ಮೂಸಿ ನೋಡಿ ಪಕ್ಕಕ್ಕಿಟ್ಟರು. ನನ್ನ ಜಾಣತನಕ್ಕೆ ಬೆಂಕಿ ಬೀಳ ಎಂದು ನನ್ನನ್ನೇ ಶಪಿಸಿಕೊಂಡೆ. ಅವರು ಸತ್ತರೆ ಏಟಿನಿಂದ ಸಾಯುವುದಿಲ್ಲ, ನನ್ನ ಸುಳ್ಳಿನಿಂದ ಸಾಯುತ್ತಾರೆ ಎನ್ನುವುದು ನನಗೆ ಖಾತ್ರಿಯಾಗಿತ್ತು.

ಮೂರನೆಯ ಬೆಳಗ್ಗೆ ದನಿಯೇ ಹೊರಡುತ್ತಿರಲಿಲ್ಲ. ಡಾಕ್ಟರು ಹೇಳಿದ್ದಂತೆ ಆ ಎಡಗೈಗೆ ಎಣ್ಣೆ ಹಚ್ಚಿ ನೀವುತ್ತಾ ಕೂತಿದ್ದೆ, ಅಳುತ್ತಿದ್ದೆ. ಅವರು ನಿಧಾನವಾಗಿ ತಲೆ ಹೊರಳಿಸಿ, "ಅಳ್ಬೇಡ ಕಣೆ. ಈ ಕೈ ನಿಂದೇ ಇರ್ಬೇಕು. ದಿನಾ ಇಲ್ಲೇ ಕೂತು ಉಜ್ಕೊತೀಯಲ್ಲ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಸಾಯುವ ಹೊತ್ತಿನಲ್ಲೂ ಈ ಹಟವೇ. "ಆಯ್ತು, ನಂದೇ. ನಂದಾದ್ರೆ ನನ್ನ ಪೂಜೆ ನಾನು ಇದ್ರ ಮ್ಯಾಲೇ ಮಾಡ್ಕೊತೀನಿ. ನೀವು ಬೇಡ ಅನ್ನಂಗಿಲ್ಲ" ಎಂದೆ. ಸಿಟ್ಟಿನಲ್ಲಿ ಬಾಯಿಂದ ಬಂದ ಮಾತು. ಬಂದಮೇಲೆ ಅದನ್ನೇ ಹಿಡಿದುಕೊಂಡೆ.

ಸ್ನಾನ ಮಾಡಿ ಬಂದು ಅವರ ಎಡಕ್ಕೆ ಕೂತು, ನನ್ನ ಕರಡಿಗೆ ಬಿಚ್ಚಿದೆ. ಅತ್ತೆ ಓಡಿಬಂದು ನನ್ನ ತೋಳು ಹಿಡಿದರು. "ಬ್ಯಾಡ ಕಣವ್ವ. ಜೀವ ಇಲ್ದಿರೋ ಕೈ ಅದು. ನಿಂದು ಬಿದ್ದೋದ್ರೆ?"

"ಬಿದ್ರೆ ನಾನೂ ಅನ್ನ ಬಿಡ್ತೀನಿ. ಇಬ್ರೂ ಒಟ್ಟಿಗೆ ಹೋಯ್ತೀವಿ."

ಅತ್ತೆ ಕೈಬಿಟ್ಟರು. ಯಜಮಾನರ ಎಡ ಅಂಗೈಯನ್ನು ಬಿಡಿಸಿ ನನ್ನ ಲಿಂಗವನ್ನು ಅದರ ಮೇಲೆ ಇಟ್ಟೆ. ಕೆಳಗೆ ಆಸರೆ ಕೊಡಲಿಲ್ಲ, ನನ್ನದೇ ಕೈ ಎಂದ ಮೇಲೆ ಅದಕ್ಕೆ ಆಸರೆ ಯಾಕೆ? ತಂಬಿಗೆಯಿಂದ ನೀರು ಬಿಟ್ಟೆ. ಬಾವಿಯಿಂದ ಆಗ ತಾನೇ ಸೇದಿದ ನೀರು. ಬೆರಳ ಸಂದಿನಲ್ಲಿ ಇಳಿದು ತಟ್ಟೆಗೆ ಹನಿಯಿತು.

"ತಣ್ಗಾಯ್ತದಲ್ಲ" ಎಂದರು.

"ಯಾರಿಗೆ?"

"ನಂಗೆ."

"ನನ್ನ ಕೈ ಮ್ಯಾಲೆ ನೀರು ಬಿಟ್ರೆ ನಿಮಗ್ಯಾಕೆ ತಣ್ಗಾಯ್ತದೆ?"

ಅಂಗೈ ನೋಡಿದರು, ಮಣಿಕಟ್ಟು ನೋಡಿದರು, ತೋಳಿನ ಮೇಲೆ ಕಣ್ಣು ಹರಿಸುತ್ತಾ ಭುಜದವರೆಗೆ ಬಂದರು. ಅಷ್ಟರಲ್ಲಿ ಒದ್ದೆಯಾದ ಕೈ ವಾಲಿತು. ಲಿಂಗ ಕಿರುಬೆರಳಿನ ಕಡೆಗೆ ಸರಿಯಿತು. ಅತ್ತೆ ಬಾಯಿಗೆ ಸೆರಗು ತುರುಕಿಕೊಂಡರು. ನಾನು ಕೈ ಚಾಚಲಿಲ್ಲ. ಯಾಕೆ ಚಾಚಲಿಲ್ಲವೋ ಇವತ್ತಿಗೂ ಗೊತ್ತಿಲ್ಲ. ಅವರ ಬಲಗೈ ಸರಕ್ಕನೆ ಬಂದು ಆ ಎಡಗೈಯನ್ನು ಕೆಳಗಿನಿಂದ ಎತ್ತಿ ಹಿಡಿಯಿತು.

"ಬೀಳ್ತಿತ್ತಲ್ಲೇ, ಗ್ಯಾನ ಇಲ್ವಾ ನಿಂಗೆ?" ಎಂದರು. ಹಿಡಿದ ಕೈ ಬಿಡದೆ, "ಪೂಜೆ ಮುಗ್ಸಿ ನಿಂದು ತಗೋ. ನಂದು ಇಕ್ಕು" ಎಂದರು.

ಅವರ ಪೂಜೆಯೂ ಆಯಿತು. ಪಾದೋದಕವನ್ನು ಅವರೇ ತೆಗೆದುಕೊಂಡರು. ಅತ್ತೆ ಗಟ್ಟಿ ಗಂಜಿ ತಂದರು, ಅವರು ತಟ್ಟೆಯ ಬಲಭಾಗದಲ್ಲಿದ್ದುದನ್ನಷ್ಟೇ ಉಂಡು ಮುಗಿಯಿತು ಎಂದರು; ಎಡಗಡೆಯದು ಅವರ ಕಣ್ಣಿಗೇ ಬಿದ್ದಿರಲಿಲ್ಲ. ನಾನು ತಟ್ಟೆ ತಿರುಗಿಸಿದೆ. ಉಳಿದುದನ್ನೂ ಉಂಡರು.

ಮಾರನೆಯ ಬೆಳಗ್ಗೆ ಕೈ ಮತ್ತೆ ಯಾರದೋ ಆಗಿತ್ತು. ಮತ್ತೆ ಮೊದಲು ನನ್ನದು, ಆಮೇಲೆ ಅವರದು. ಹೀಗೇ ನಡೆಯಿತು. ಕೋಲು ಹಿಡಿದು ಅಂಗಡಿಗೆ ಹೋಗುವಷ್ಟಾದರು, ನಾನು ಬೈದರೆ ನಗುವಷ್ಟೂ ಆದರು, ಎಡಗೈ ಮಾತ್ರ ಸ್ವಾಧೀನಕ್ಕೆ ಬರಲಿಲ್ಲ. ಅದು ತಮ್ಮದೇ ಎಂದು ಒಪ್ಪಿಕೊಂಡ ಮೇಲೂ ಬೆಳಗ್ಗೆ ಅದನ್ನು ಬಲಗೈಯಿಂದ ಎತ್ತಿ ನನ್ನ ಮುಂದೆ ಇಟ್ಟು, "ನಿಂದು ಮೊದ್ಲು ಆಗ್ಲಿ" ಅನ್ನುತ್ತಿದ್ದರು. ಹದಿನಾಲ್ಕು ವರ್ಷ ನನ್ನ ಲಿಂಗ ಕೂತದ್ದು ಆ ಅಂಗೈ ಮೇಲೆ.

ಅವರು ಹೋದ ಮೇಲೆ ನನ್ನದೇ ಎಡಗೈ ಮೇಲೆ ಇಟ್ಟುಕೊಳ್ಳುತ್ತೇನೆ. ಅಭ್ಯಾಸ ತಪ್ಪಿದ ಕೈ. ಒಂದೊಂದು ಬೆಳಗ್ಗೆ ನೀರು ಬಿಟ್ಟು ನೋಡುತ್ತಾ ಕೂತರೆ, ಇದು ಯಾರದೋ ಕೈ ಅನ್ನಿಸುತ್ತದೆ.