ಗೇರುಹಾಡಿಯಲ್ಲಿ ಕಂಡ ಬರ್ಕ

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬ್ರಹ್ಮಾವರ ಬಿಟ್ಟೆವು. ಕಾರಿನ ಹಿಂದಿನ ಸೀಟಿನಲ್ಲಿ ಆನ್‌ಲೈನಿನಲ್ಲಿ ತರಿಸಿದ ಟೆಂಟು, ಸಣ್ಣ ಗ್ಯಾಸ್ ಒಲೆ, ಎರಡು ದಿನಕ್ಕಾಗುವಷ್ಟು ಕುಚ್ಚಲಕ್ಕಿ, ಒಂದು ಡಬ್ಬಿ ಒಣ ಸಿಗಡಿ ಚಟ್ನಿ. ಮುಂದೆ ನಾನು ಮತ್ತು ನನ್ನ ಅನುಮಾನ. ಸ್ಟಿಯರಿಂಗ್ ಹಿಡಿದವರು ನನ್ನ ಯಜಮಾನರು. ಪೇಟೆಯಲ್ಲಿ ಇವರದ್ದೊಂದು ಫೋಟೋ ಸ್ಟುಡಿಯೋ ಇದೆ. ಮದುಮಕ್ಕಳ ಮುಖ ತೆಗೆದು ತೆಗೆದು ಸಾಕಾಗಿ ಈಗ ನಾಲ್ಕು ವರ್ಷದಿಂದ ಕಾಡುಪ್ರಾಣಿಗಳ ಬೆನ್ನು ಹತ್ತಿದ್ದಾರೆ.

ಬೈಂದೂರಿನ ಒಳಗೆ, ಗುಡ್ಡದ ಬುಡದಲ್ಲಿ, ಶೀನಣ್ಣ ಎಂಬವರ ಗೇರುಹಾಡಿಯಲ್ಲಿ, ಅಂದರೆ ಗೇರುಮರಗಳ ತೋಪಿನಲ್ಲಿ, ಟೆಂಟು ಹಾಕುವುದೆಂದು ನಿಶ್ಚಯವಾಗಿತ್ತು. ಅವರ ಮಗಳ ಮದುವೆಯ ಆಲ್ಬಂ ಮಾಡಿದ್ದು ಇವರೇ. "ಬಾಡ್ಗಿ ಎಂತ ಬ್ಯಾಡ, ಬನ್ನಿ" ಎಂದಿದ್ದರಂತೆ. ಅಲ್ಲೇ ನನ್ನ ಕಿವಿ ನೆಟ್ಟಗಾಗಿತ್ತು. ಒಂದು ಆಲ್ಬಮ್ಮಿನ ಪರಿಚಯಕ್ಕೆ ಯಾರು ಪುಕ್ಕಟೆ ಜಾಗ ಕೊಡುತ್ತಾರೆ? ನಾನು ಗಂಗೊಳ್ಳಿಯ ಮೀನುಗಾರರ ಮನೆಯ ಮಗಳು, ಕಿವಿರು ಎತ್ತಿ ನೋಡದೆ ಒಂದು ಬಂಗುಡೆಯನ್ನೂ ನಂಬಿದವಳಲ್ಲ. ತೆಕ್ಕಟ್ಟೆಯಲ್ಲಿ ಇಡ್ಲಿ ತಿನ್ನುವಾಗ ಸಾಂಬಾರು ನಿನ್ನೆಯದೆಂದು ನನಗೆ ಗಟ್ಟಿ ಅನ್ನಿಸಿತು. ಇವರು ಎರಡು ಸಲ ಹಾಕಿಸಿಕೊಂಡರು.

ಕುಂದಾಪುರ, ತಲ್ಲೂರು, ಮರವಂತೆ ದಾಟಿ ಬೈಂದೂರು ಮುಟ್ಟುವಾಗ ಅರವತ್ತು ಕಿಲೋಮೀಟರಿನ ಹತ್ತಿರವಾಗಿತ್ತು. ಅಲ್ಲಿಂದ ಮೂಡಿಗೆ, ಗುಡ್ಡದ ಕಡೆಗೆ, ಇನ್ನೂ ಹದಿನಾಲ್ಕು, ಅದರಲ್ಲಿ ಕೊನೆಯ ಎರಡು ಮಣ್ಣಿನ ರಸ್ತೆ. ಶೀನಣ್ಣ ಸ್ಕೂಟರಿನಲ್ಲಿ ಎದುರು ಬಂದು ದಾರಿ ತೋರಿಸಿದರು. ಐವತ್ತೈದರ ಆಸುಪಾಸಿನ ತೆಳ್ಳಗಿನ ಮನುಷ್ಯ, ಇಪ್ಪತ್ತು ವರ್ಷ ಮುಂಬೈ ಹೋಟೆಲಿನಲ್ಲಿದ್ದು ಬಂದವರು.

"ತೋಡಿನ್ ಹತ್ರ ಸಮ ಜಾಗ ಇತ್ತ್ ಅಕ್ಕ. ಹೆದ್ರುಕಾಗ. ಚಿರ್ತೆ ಬಂದ್ರೂ ಕಂಡ್ಕಂಡ್ ಹೋತ್ತ್ ಅಷ್ಟೇ" ಎಂದು ಧೈರ್ಯ ಹೇಳಿದರು. ಧೈರ್ಯ ಹೇಳುವ ರೀತಿಯೇ ಅದು?

ಅವರು ಇವರೊಡನೆ ಟೆಂಟಿನ ಗೂಟ ಹೊಡೆಯುತ್ತಿದ್ದಾಗ ನಾನು ಸ್ಕೂಟರಿನ ಬಳಿ ಹೋದೆ. ಮುಂದೆ ತೂಗಿದ್ದ ಗೋಣಿಚೀಲದ ಬಾಯಿ ತೆರೆದಿತ್ತು. ಒಳಗೊಂದು ಕತ್ತಿ, ಅದರ ಕೆಳಗೆ ಬೈಕಿನ ಹಳೆಯ ಕ್ಲಚ್ ವಯರುಗಳ ರಾಶಿ. ಒಂದೆರಡರ ತುದಿಯಲ್ಲಿ ಕುಣಿಕೆ ಇತ್ತು. ಹಂದಿಗೆ, ಮೊಲಕ್ಕೆ ಉರುಳು ಒಡ್ಡುವುದು ಇಂಥ ವಯರಿನಲ್ಲೇ ಎಂಬುದು ಕಡಲ ಬದಿಯ ನಮಗೂ ಗೊತ್ತು. ಶೀನಣ್ಣ ಹೋದ ಮೇಲೆ ಇವರಿಗೆ ಹೇಳಿದೆ.

"ಸ್ಕೂಟ್ರ್ ರಿಪೇರಿದ್ ಆಯ್ಕ್" ಎಂದರು.

"ಅವ್ರ್ ಸ್ಕೂಟ್ರಿಗ್ ಕ್ಲಚ್ ಎಲ್ಲಿತ್ತ್?"

ಇವರು ಕ್ಯಾಮೆರಾ ಹೆಗಲಿಗೇರಿಸಿ ಹಾಡಿಯ ಒಳಗೆ ನಡೆದರು. ಸಂಜೆಯವರೆಗೆ ಎರಡು ಮಂಗಟ್ಟೆ ಹಕ್ಕಿ, ಒಂದು ಕೆಂಜಳಿಲು ಕಂಡವು. ನನ್ನ ಕಣ್ಣು ಮಾತ್ರ ಶೀನಣ್ಣನ ಮನೆಯ ಕಡೆಗಿತ್ತು.

ಶನಿವಾರ ಆರೂವರೆಗೆ, ಮಂಜು ಇನ್ನೂ ಇರುವಾಗಲೇ, ತೋಡಿನ ದಂಡೆ ಹಿಡಿದು ಬಡಗು ದಿಕ್ಕಿಗೆ ಅರ್ಧ ಕಿಲೋಮೀಟರ್ ನಡೆದೆವು. ಅಲ್ಲೊಂದು ಹೆಬ್ಬಲಸಿನ ಮರ ಬಿದ್ದಿತ್ತು. ಅದರ ಬುಡದಲ್ಲಿ ಬರ್ಕ. ಮೊಲಕ್ಕಿಂತ ತುಸು ಎತ್ತರ, ಕೋಡಿಲ್ಲ, ಮೈಮೇಲೆ ಬಿಳಿಯ ಗೀಟು. ಜಿಂಕೆಯನ್ನೇ ಯಾರೋ ಅಂಗೈಯಲ್ಲಿಟ್ಟು ಕುಗ್ಗಿಸಿದಂತಿತ್ತು. ಹಗಲಲ್ಲಿ ಕಣ್ಣಿಗೆ ಬೀಳುವುದೇ ಅಪರೂಪವಂತೆ. ನಮ್ಮ ಅದೃಷ್ಟಕ್ಕೆ ಅದರ ಕಾಲಿನ ಸಂದಿಯಲ್ಲಿ ಒಂದು ಮರಿಯೂ ಇತ್ತು. ನನಗೆ ಸಂತೋಷಕ್ಕೆ ಅಳು ಬಂತು. ಇವರು ಹನ್ನೊಂದು ಫೋಟೋ ತೆಗೆದರು.

"ಶೀನಣ್ಣಂಗ್ ತೋರ್ಸ್ವ" ಎಂದರು.

"ಬಾಯ್ ಬಿಟ್ರೆ ಇವತ್ತೇ ಸಾರ್ ಆತ್ತ್ ಅದ್" ಎಂದೆ. ಆ ತಾಯಿ ಮರಿಗಳ ಜೀವ ನನ್ನ ಕೈಯಲ್ಲಿದೆ ಎಂದೇ ನನಗನ್ನಿಸಿತ್ತು.

ಸಂಜೆ ಐದೂವರೆಗೆ ಶೀನಣ್ಣ ಬೇಯಿಸಿದ ಗೆಣಸು ತಂದರು. ಇವರು ತೋಡಿನಲ್ಲಿ ಮೀಯುತ್ತಿದ್ದರು.

"ಎಂತ ಕಂಡ್ರಿ ಅಕ್ಕ ಇವತ್ತ್?"

"ಬರ್ಕ" ಎಂದುಬಿಟ್ಟೆ. ಬಾಯಿ ತಪ್ಪಿತ್ತು.

"ಹೌದಾ? ಎಲ್ಲ್? ಯಾವ್ ಬದಿ?" ಅವರ ಅವಸರ ನೋಡಿ, ಉರುಳು ಒಡ್ಡುವವರು ಇವರೇ ಎಂಬುದರಲ್ಲಿ ನನಗೆ ಇದ್ದಬದ್ದ ಸಂಶಯವೂ ಹೋಯಿತು.

ನಮ್ಮಲ್ಲಿ ಮೀನು ಸಿಕ್ಕ ಜಾಗವನ್ನು ಕೇಳಿದವರಿಗೆ ಹೇಳುವ ಪದ್ಧತಿಯಿಲ್ಲ. ಬಡಗಿನಲ್ಲಿ ಸಿಕ್ಕಿದರೆ ತೆಂಕು ಎನ್ನುತ್ತೇವೆ. ಅಪ್ಪ ನನಗೆ ಈಜು ಕಲಿಸುವ ಮೊದಲೇ ಇದನ್ನು ಕಲಿಸಿದ್ದರು. ಯೋಚಿಸುವ ಅಗತ್ಯವೇ ಬೀಳಲಿಲ್ಲ.

"ತೆಂಕ್ ಬದಿ, ಬಂಡೆ ಹತ್ರ" ಎಂದೆ.

ಶೀನಣ್ಣ ಗೆಣಸಿನ ಪಾತ್ರೆ ಇಟ್ಟವರೇ ಟಾರ್ಚು, ಕತ್ತಿ ಹಿಡಿದು ತೆಂಕಿಗೆ ಹೊರಟರು. ಮಿಂದು ಬಂದ ಇವರಿಗೆ ನನ್ನ ಜಾಣತನ ಹೇಳಿಕೊಂಡೆ. ಇವರು ನಗಲಿಲ್ಲ. "ಪಾಪದವ್ರ್ ಮಾರಾಯ್ತಿ ಅವ್ರ್" ಎಂದರು. ನಾನು ಗೆಣಸನ್ನೂ ಮುರಿದು ಮೂಸಿ ನೋಡಿಯೇ ತಿಂದೆ.

ಭಾನುವಾರ ಹೊರಡುವ ಮೊದಲು ಇನ್ನೊಮ್ಮೆ ನೋಡೋಣವೆಂದು ಹೆಬ್ಬಲಸಿನ ಮರದ ಬಳಿಗೆ ಹೋದೆವು. ತಾಯಿ ಬರ್ಕ ಅಲ್ಲೇ ಬಿದ್ದಿತ್ತು. ಕುತ್ತಿಗೆಯಲ್ಲಿ ಕ್ಲಚ್ ವಯರು. ಮರಿ ಎಲ್ಲೂ ಕಾಣಲಿಲ್ಲ.

"ಕಂಡ್ರ್ಯಾ? ಇಲ್ಲೂ ಒಡ್ಡಿರ್" ಎಂದೆ. ಇವರು ಶೀನಣ್ಣನಿಗೆ ಫೋನ್ ಮಾಡಿದರು.

ಅವರು ಓಡಿಯೇ ಬಂದರು. ಮೊದಲು ಫಾರೆಸ್ಟ್ ಗಾರ್ಡಿಗೆ ಫೋನ್ ಮಾಡಿ ಜಾಗ ಹೇಳಿದರು. ಆಮೇಲೆ ಕುಕ್ಕುರುಗಾಲಲ್ಲಿ ಕೂತು, ಮುಟ್ಟದೆ, ವಯರನ್ನೇ ನೋಡಿದರು. "ಹಾಕಿ ಎರಡ್ ಮೂರ್ ದಿನ ಆಯ್ತ್ ಕಾಣ್ತ್. ಯಾರೋ ಎಲ್ಲಿಂದ್ಲೋ ಬಂದ್ ಹಾಕಿ ಹೋತ್ರ್. ಕಂಡಲ್ಲೆಲ್ಲ ನಾ ಕಡ್ದ್ ತೆಗೀತೆ. ನನ್ ಸ್ಕೂಟ್ರಿನ್ ಚೀಲ್ದಲ್ಲ್ ಇಪ್ಪುದೆಲ್ಲ ಹಾಂಗ್ ತೆಗ್ದದ್ದೇ, ಗಾರ್ಡಿಗ್ ಕೊಡುಕೆ. ಹಾಡಿ ಇಡೀ ಹುಡ್ಕುಕ್ ಆತ್ತಾ? ಪ್ರಾಣಿ ಕಂಡ ಜಾಗ ಯಾರಾರೂ ಹೇಳಿದ್ರೆ ಮೊದ್ಲ್ ಅಲ್ಲಿಗ್ ಹೋತೆ."

ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ನಿನ್ನೆ ತೆಂಕ್ ಬದಿ ಇಡೀ ಹುಡ್ಕ್ದೆ, ಒಂದೂ ಸಿಕ್ಲಿಲ್ಲ" ಎಂದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. "ಅಕ್ಕ, ದಿಕ್ಕ್ ತಪ್ಪಿತ್ತಾ ನಿಮ್ಗೆ?"

"ಹೌದು" ಎಂದೆ.

"ಹೊಸ ಜಾಗ ಅಲ್ದಾ, ಎಲ್ರಿಗೂ ಆತ್ತ್. ಬೇಜಾರ್ ಮಾಡುಕಾಗ" ಎಂದು ನನಗೇ ಸಮಾಧಾನ ಹೇಳಿದರು. ಹಿಂದಿನ ದಿನ ನಂಬಿದ ಹಾಗೆಯೇ ಇದನ್ನೂ ನಂಬಿದರು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಗಾರ್ಡು ಬಂದ ಮೇಲೆ ಟೆಂಟು ಮಡಚಿ ಹೊರಟೆವು. ಕಾರು ತಿರುಗುವಾಗ ನೋಡಿದರೆ ಶೀನಣ್ಣ ಬಗ್ಗಿ ಬಗ್ಗಿ ಪೊದೆಗಳ ಬುಡ ನೋಡುತ್ತಿದ್ದರು, ಮರಿಗಾಗಿ. ಬೈಂದೂರು, ಮರವಂತೆ ಕಳೆದವು. ಮನೆ ಇನ್ನೂ ಮೂವತ್ತು ಕಿಲೋಮೀಟರಿನಷ್ಟು ದೂರವಿರುವಾಗ, ತಲ್ಲೂರಿನಲ್ಲಿ, ಇವರು ಕಾರನ್ನು ಬದಿಗೆ ನಿಲ್ಲಿಸಿ ಫೋನು ನನ್ನ ಮಡಿಲಲ್ಲಿಟ್ಟರು.

"ನಿಜ ನೀ ಹೇಳ್ತ್ಯಾ, ನಾ ಹೇಳ್ಕಾ?"

"ನಾನೇ ಹೇಳ್ತೆ" ಎಂದು ನಂಬರು ಒತ್ತಿದೆ. ಎರಡೇ ರಿಂಗಿಗೆ ಎತ್ತಿದರು.

"ಹ್ವಾಯ್ ಅಕ್ಕ, ಮನಿ ಮುಟ್ಟಿದ್ರ್ಯಾ?"

"ಹ್ಞಾಂ, ಮುಟ್ಟಿದ್ವಿ" ಎಂದೆ.