ಬೆಲ್ಲ ಮುಟ್ಟದ ಮುತ್ತಕ್ಕ

ಮೀನು ಮಾರುವ ಮುತ್ತಕ್ಕ ಯಾರ ಮನೆಗೆ ಹೋದರೂ ಬೆಲ್ಲ ಮುಟ್ಟುವುದಿಲ್ಲ, ಬರೀ ನೀರು ಕುಡಿಯುತ್ತಾಳೆ. ಬಂದವರಿಗೆ ಮೊದಲು ನೀರು-ಬೆಲ್ಲ ಕೊಡುವ ನಮ್ಮ ಮರವಂತೆಯಲ್ಲಿ ಇದು ಸಣ್ಣ ಅವಮಾನವಲ್ಲ. ಆದರೆ ಬೆಲ್ಲ ತಿಂದವನಿಗೆ ನೀರಿನ ಉಪ್ಪು ಗೊತ್ತಾಗುವುದಿಲ್ಲ ಎಂಬುದು ಅವಳ ವಾದ.

ಈಗೀಗ ಮಳೆ ಬೇಗ ನಿಲ್ಲುತ್ತದೆ, ಕಡಲು ಒಳಗೆ ಒತ್ತುತ್ತದೆ. ಕಡಲಿಗೆ ಹರಿಯುವ ತೋಡಿನ ಅಣೆಕಟ್ಟಿನ ಕಿಂಡಿ ಮುಚ್ಚಲು ಹಲಗೆ ಇಳಿಸುವುದು ತಡವಾದರೆ ಉಪ್ಪುನೀರು ಮೇಲೆ ಹತ್ತಿ ಬಾವಿ ಸೇರುತ್ತದೆ. ಹೋದ ಡಿಸೆಂಬರಿನಲ್ಲಿ ಮುತ್ತಕ್ಕನ ಬಾವಿ ಸೇರಿತು. ಗಂಜಿಗೆ ಬೇರೆ ಉಪ್ಪು ಬೇಡವಾಯಿತು, ಕುಡಿಯುವ ನೀರಿಗೆ ಒಂದು ಮೈಲಿ ನಡೆಯಬೇಕಾಯಿತು.

ಹಲಗೆ ಇಳಿಸಲು ಊರೆಲ್ಲ ಕೈ ಹಾಕಬೇಕು. ನೀರು ಸಮಿತಿಯ ಸಭೆಯಲ್ಲಿ ಅವಳು ಅಂಗಲಾಚಿದಾಗ ದೊಡ್ಡ ಗದ್ದೆಯ ಭೋಜರಾಜಣ್ಣ ನಕ್ಕುಬಿಟ್ಟರು.

"ಹ್ವಾಯ್ ಮುತ್ತು, ಮೀನ್ ಮುಟ್ಟಿದ್ ಕೈಯಗೆ ಕುಡದ್ರೆ ಎಲ್ಲಾ ನೀರೂ ಉಪ್ಪೇ! ನಮ್ ಬಾವಿ ಸಿಹಿ ಇತ್."

ಅವರು ನಕ್ಕ ಮೇಲೆ ಊರೇ ನಕ್ಕಿತು. ಸಮಿತಿಯ ನೀರು ಪರೀಕ್ಷೆ ಪೆಟ್ಟಿಗೆ ಹೊತ್ತವನು ನಾನು. ಭೋಜರಾಜಣ್ಣನ ಬಾವಿಗೆ ಸೀಸೆ ಇಳಿಸಹೋದರೆ ಬೈಸಿಕೊಂಡು ಬಂದೆ. ನನ್ನಂಥ ಪುಕ್ಕಲ ಇನ್ನೊಬ್ಬನಿಲ್ಲ ಬಿಡಿ.

"ಬಾ, ಇನ್ನೊಂದ್ ಸಲ ಹೋಪ," ಎಂದು ಮುತ್ತಕ್ಕ ನನ್ನನ್ನು ಎಳೆದುಕೊಂಡು ಹೋದಳು. ಹೋದರೆ ಅಲ್ಲಿ ಅವರ ಮಗ ಉಲ್ಲಾಸನಿಗೆ ಹೆಣ್ಣು ಕೊಡುವವರು ಮನೆ ನೋಡಲು ಬಂದು ಕೂತಿದ್ದಾರೆ! ಭೋಜರಾಜಣ್ಣನ ಹೆಂಡತಿ ಕುಸುಮಾವತಕ್ಕ ಒಬ್ಬೊಬ್ಬರಿಗೂ ಕೋಳಿಮೊಟ್ಟೆ ಗಾತ್ರದ ಬೆಲ್ಲ ಹಂಚುತ್ತಿದ್ದರು.

ಹುಡುಗಿಯ ಸೋದರಮಾವ ಯೋಗೀಶ್ ಕೈ ಅಡ್ಡ ಹಿಡಿದರು. "ಬೆಲ್ಲ ಬ್ಯಾಡ ಮಾರಾಯ್ರೆ, ಶುಗರ್ ಇತ್." ಚೆಂಬು ಎತ್ತಿ ಬಾಯಿ ತುಂಬ ನೀರು ತುಂಬಿಕೊಂಡರು. ಅಲ್ಲಿಗೇ ನಿಂತರು. ಬೀಗರ ಮನೆಯಲ್ಲಿ ಉಗಿಯುವಂತಿಲ್ಲ, ನುಂಗಲು ಆಗುತ್ತಿಲ್ಲ, ಕೆನ್ನೆ ಎರಡೂ ಉಬ್ಬಿ ಕಣ್ಣು ಹೊರಬಂದವು.

"ನುಂಗಿ ಮಾರಾಯ್ರೆ," ಎಂದಳು ಮುತ್ತಕ್ಕ ಅಂಗಳದಿಂದ. "ನಾ ದಿನಾ ಗಂಜಿಯಗೆ ನುಂಗ್ತೆ."

ಯಾರೂ ನಗಲಿಲ್ಲ. ಕುಸುಮಾವತಕ್ಕ ಬೆಲ್ಲದ ತಟ್ಟೆ ಕೆಳಗಿಟ್ಟರು. "ತಿಂಗ್ಳಾಯ್ತ್ ಉಪ್ಪಾಯಿ. ಸಂಬಂಧ ತಪ್ಪತ್ ಅಂದ್ಹೇಳಿ ಇವ್ರ್ ಬಾಯಿ ಬಿಡುಕೆ ಬಿಡ್ಲಿಲ್ಲೆ."

ಯೋಗೀಶ್ ಅಂತೂ ನುಂಗಿದರು. "ನಮ್ಮೂರ್ ಹಂಗಾರಕಟ್ಟೆಯಗೂ ಹಿಂಗೇ ಆಗಿತ್. ಹಲಗಿ ಹಾಕಿ ಸರಿ ಮಾಡ್ಕಂಡ್ವ್. ನೀವೂ ಹಾಕಿ, ಮತ್ತೆ ಮಾತಾಡ್ವ."

ಮರುದಿನ ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ ತೋಡಿಗೆ ಮೊದಲು ಇಳಿದವರು ಭೋಜರಾಜಣ್ಣ. ಹಿಂದೆ ಊರೇ ಇಳಿಯಿತು.

ಫೆಬ್ರವರಿ ಮುಗಿಯುವಾಗ ಮದುವೆ ಕರೆಯಲು ಅವರು ಮುತ್ತಕ್ಕನ ಮನೆಗೆ ಬಂದರು, ಜೀವಮಾನದಲ್ಲಿ ಮೊದಲ ಸಲ. ಅವಳು ಚೆಂಬು ನೀರು ಮಾತ್ರ ಮುಂದಿಟ್ಟಳು.

"ಬೆಲ್ಲ ಇಲ್ಯಾ ಮುತ್ತು?"

"ಕುಡ್ದ್ ಕಾಣಿ. ಬೇಕಾರೆ ಕೊಡ್ತೆ."

ಭೋಜರಾಜಣ್ಣ ಒಂದು ಗುಟುಕು ಕುಡಿದರು. ಆಮೇಲೆ ಚೆಂಬು ಪೂರ್ತಿ ಕುಡಿದು, ಇನ್ನೊಂದು ಚೆಂಬು ನೀರು ಕೇಳಿದರು.