ಕಿತ್ತೂರಿನ ಪಾಠ ಹೇಳುತ್ತಿದ್ದ ಅಕ್ಕೋರು

ಸಿಟ್ಟು ಬಂದರೆ ಅಕ್ಕೋರ ಎರಡೂ ಕಿವಿಗಳು ಕೆಂಪಗಾಗುತ್ತಿದ್ದವು. ಖಾನಾಪುರದ ಹೈಸ್ಕೂಲಿನಲ್ಲಿ ಅವರು ಇತಿಹಾಸ ಕಲಿಸುತ್ತಿದ್ದರು. ನಾನು ಎಪ್ಪತ್ತರ ದಶಕದ ಕೊನೆಗೆ ಅಲ್ಲಿ ಗಣಿತದ ಮಾಸ್ತರನಾಗಿ ಸೇರಿದವನು. ತರಗತಿಯಲ್ಲಿ ಯಾರಾದರೂ ‘ಅದೂ ಇದೂ ಒಂದ ರೀ’ ಅಂದರೆ ಸಾಕು, ಹಲಗೆಗೆ ಬರೆಯುತ್ತಿದ್ದ ಖಡು ಕೆಳಗಿಟ್ಟು, ‘ಒಂದ ಹೆಂಗಪಾ? ಯಾವುದು ಕೂಡತೈತಿ, ಯಾವುದು ಕೂಡೂದಿಲ್ಲ, ಎರಡೂ ಹೇಳು’ ಅನ್ನುತ್ತಿದ್ದರು.

ಒಂದು ಚುನಾವಣೆಯ ಹೊತ್ತು. ಬಸ್ ಸ್ಟ್ಯಾಂಡಿನ ಎದುರಿನ ಸಭೆಗೆ ಬೆಳಗಾವಿಯಿಂದ ಬಂದ, ಸ್ವತಃ ಕಣದಲ್ಲಿದ್ದ ಮುಖಂಡ ಅಕ್ಕೋರ ಹಳೆಯ ವಿದ್ಯಾರ್ಥಿಯೇ. ‘ಅವತ್ತು ಕಿತ್ತೂರಿನಾಗ ತೋಪಿನ ಮದ್ದಿನೊಳಗ ಸಗಣಿ ಕಲಸಿದ ದ್ರೋಹಿಗಳಿದ್ರು. ಇವತ್ತೂ ಅದಾರ, ಇದ ಪ್ಯಾಟ್ಯಾಗ! ನಮ್ಮ ಅನ್ನ ತಿಂತಾರ, ಮನ್ಯಾಗ ಬ್ಯಾರೆ ಭಾಷಾ ಮಾತಾಡತಾರ!’ ಎಂದು ಕೂಗಿದ. ಜನ ಚಪ್ಪಾಳೆ ಹೊಡೆದರು. ನೆನೆಸಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಮರುದಿನ ನೋಡಿದರೆ ಶಾಲೆಯ ಬಾಜೂ ಇದ್ದ ಮರಾಠಿ ದರ್ಜಿಯ ಅಂಗಡಿ ಪುಡಿಪುಡಿ. ಹೊಲಿಗೆ ಯಂತ್ರ ಗಟಾರದಲ್ಲಿ ಬಿದ್ದಿತ್ತು. ನಮ್ಮ ಮಕ್ಕಳಿಗೆಲ್ಲ ಅಂಗಿ ಹೊಲಿದವನು ಅವನು. ನಮ್ಮೊಡನೆ ಜಗಳವನ್ನೂ ಕನ್ನಡದಲ್ಲೇ ಆಡುತ್ತಿದ್ದ.

ಅಕ್ಕೋರು ನನ್ನನ್ನೂ ಕರೆದುಕೊಂಡು ಅವತ್ತೇ ಬೆಳಗಾವಿ ಬಸ್ಸು ಹತ್ತಿದರು. ಹಿಂದವಾಡಿ ಬಡಾವಣೆಯ ತನ್ನ ಮನೆಯಲ್ಲಿ ಮುಖಂಡ ಎದ್ದು ನಿಂತು, ‘ಬರ್ರಿ ಅಕ್ಕೋರ, ಕುಂದರ್ರಿ’ ಅಂದ.

‘ಕುಂದರಾಕ ಬಂದಿಲ್ಲ. ಮದ್ದಿನಾಗ ಸಗಣಿ ಕಲಸಿದವ್ರು ಮನ್ಯಾಗ ಯಾವ ಭಾಷಾ ಮಾತಾಡ್ತಿದ್ರು, ಹೇಳು.’

ಅವನು ನಕ್ಕ. ‘ಕನ್ನಡಾನ ರೀ. ಆದ್ರ ಭಾಷಣಕ್ಕ ಒಂದು ಹೋಲಿಕಿ ಬೇಕಾಗತೈತಲ್ರಿ. ನೀವ ಕಲಿಸಿದ ಪಾಠ.’

‘ನಾ ಕಲಿಸಿದ್ದು ಕಿತ್ತೂರ ಕೋಟಿ ಒಳಗಿನವರ ಆಸೆಬುರುಕತನದ ಕತಿ. ನೀ ಅದನ್ನ ಒಬ್ಬ ಬಡವನ ಹಣಿಗೆ ಹಚ್ಚಿ ಕಲ್ಲು ಹೊಡಸಿದಿ. ನಡಿ ಖಾನಾಪುರಕ್ಕ. ಅದ ಜಾಗಾದಾಗ ನಿಂತು, ನೀ ಹೇಳಿದ ಹೋಲಿಕಿ ಸುಳ್ಳು ಅನ್ನು.’

‘ಹೋಗಿ ಬರ್ರಿ ಅಕ್ಕೋರ’ ಎಂದು ಅವನು ಒಳಗೆ ನಡೆದುಬಿಟ್ಟ.

ಚುನಾವಣೆಯಲ್ಲಿ ಅವನು ಗೆದ್ದ. ದರ್ಜಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟ. ಸ್ವಲ್ಪ ದಿನಕ್ಕೆ ಅಕ್ಕೋರಿಗೂ ದೂರದ ಊರಿಗೆ ವರ್ಗವಾಯಿತು. ಕಾರಣ ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಬೆಳಗಾವಿಯ ದವಾಖಾನೆಯಲ್ಲಿ ಅವರನ್ನು ಕಂಡೆ. ಮಾತು ಕಷ್ಟವಾಗಿತ್ತು.

‘ದರ್ಜಿ ತಿರಿಗಿ ಬಂದನೇನು?’

‘ಇಲ್ರೀ.’

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಆ ವಾರವೇ ತೀರಿಕೊಂಡರು.

ಮುಖಂಡ ಆಳಿನ ಕೈಯಲ್ಲಿ ದೊಡ್ಡದೊಂದು ಹಾರ ಕಳಿಸಿದ್ದ. ಅದನ್ನು ಅಕ್ಕೋರ ಮೈಮೇಲೆ ಬೀಳಗೊಡಲಿಲ್ಲ ನಾನು.